ಕಿಟಕಿಗಿಂತ ಗಿಡ್ಡ ಹೂವು

ಉದ್ದದ ಪ್ಯಾಂಟು, ಪರದೆ, ಏನೇ ಕೊಟ್ಟರೂ ಟೈಲರಮ್ಮ ಕತ್ತರಿಸಿ ಅಳತೆಗೆ ತಂದುಬಿಡುತ್ತಿದ್ದಳು. ಅವಳ ಕೈಗೆ ಬಗ್ಗದೆ ಉಳಿದದ್ದು ಮನೆಯ ಕಿಟಕಿಯಾಚೆ ಕುಂಡದಲ್ಲಿದ್ದ ಡೇಲಿಲಿ ಹೂಗಿಡ ಒಂದೇ.

ಸೊಂಟ ಮುರಿದುಕೊಂಡ ತಾಯಿ ಅವಳ ಮನೆಗೆ ಬಂದ ಮೇಲೆ ಹಾಸಿಗೆ ಆ ಕಿಟಕಿಯ ಪಕ್ಕಕ್ಕೆ ಬಂತು. ಮಲಗಿದಲ್ಲೇ ಬೀದಿ ಕಾಯುವುದು ಮುದುಕಿಯ ದಿನಚರಿ. ಹೂ ಬಿಡುವ ಕಾಲಕ್ಕೆ ದಂಟುಗಳು ಮೊಳದುದ್ದ ಎದ್ದು ನಿಂತವು.

"ನಿನ್ನ ಹೂವು ಕಣ್ಣಿಗೆ ಅಡ್ಡ ನಿಂತಿದೆ ಕಣೇ. ಎದುರುಮನೆಗೆ ಯಾರು ಬಂದ್ರು, ಯಾರು ಹೋದ್ರು, ಒಂದೂ ಗೊತ್ತಾಗಲ್ಲ. ಕತ್ತರಿಸು."

"ದಂಟು ಕತ್ತರಿಸಿದ್ರೆ ಹೂವೇ ಇರಲ್ಲಮ್ಮ."

"ಇಲ್ಲದಿದ್ರೆ ಬೇಡ."

ಟೈಲರಮ್ಮ ನರ್ಸರಿಯಿಂದ ಚಿಕ್ಕ ಜಾತಿಯದೊಂದನ್ನು ತಂದಳು. ಹೂವು ಅಂಗೈಯಲ್ಲಿ ಅಡಗುವಷ್ಟು ಪುಟ್ಟದು. ದಂಟು ಮಾತ್ರ ಮತ್ತೆ ಮೊಳದುದ್ದ. ಜಗಳಕ್ಕೆ ಹೋದರೆ ನರ್ಸರಿಯವನು, "ಹೂವು ಚಿಕ್ಕದು ಅಂದೆ, ಗಿಡ ಚಿಕ್ಕದು ಅಂದ್ನಾ?" ಎಂದು ನಕ್ಕು, ನಿಜಕ್ಕೂ ಕುಳ್ಳಗಿದ್ದ ಇನ್ನೊಂದನ್ನು ತೋರಿಸಿದ. ಅದರಲ್ಲಿ ಎಲೆಯೇ ಹೆಚ್ಚು, ಹೂವು ಅಪರೂಪ. ಅವಳು ಅದನ್ನೂ ಕೊಂಡು ತಂದು, ಹೊಸ ತಳಿಗೆಂದು ಎರಡನ್ನೂ ಕೂಡಿಸಿದಳು. ಒಂದರ ಪರಾಗವನ್ನು ಇನ್ನೊಂದರ ಹೂವಿಗೆ ಬೆಳಿಗ್ಗೆಯೇ ಸವರಬೇಕು, ಸಂಜೆಗೆ ಹೂವು ಮುದುಡುತ್ತದೆ. ಬೀಜ ಬಲಿತು, ಸಸಿಯಾಗಿ, ಹೂ ಬಿಡಲು ವರ್ಷಗಳೇ ಹಿಡಿದವು. ಹೆಚ್ಚಿನವು ಉದ್ದಕ್ಕೇ ಬೆಳೆದವು. ಒಂದು ಮಾತ್ರ ಗೇಣೆತ್ತರಕ್ಕೆ ನಿಂತು ಮೈತುಂಬ ಹೂ ಬಿಟ್ಟಿತು. ಬಣ್ಣವೋ, ಚಹಾ ಚೆಲ್ಲಿ ಒಣಗಿದ ಕಲೆಯದು. ಹಳೆಯ ಕುಂಡ ತೆಗೆದು ಕಿಟಕಿಯಾಚೆ ಅದನ್ನೇ ಇಟ್ಟಳು.

"ಸದ್ಯ, ಬೀದಿ ಕಾಣ್ತು," ಎಂದಳು ತಾಯಿ.

ಮರುವಾರ ಅಂಗಡಿಯಿಂದ ಬಂದು ನೋಡಿದರೆ ಆ ಕುಂಡವೇ ಇಲ್ಲ.

"ನಿನ್ನ ತಂಗಿ ಬಂದಿದ್ಲು. ಚೆನ್ನಾಗಿದೆ ಅಂದ್ಲು, ಕೊಟ್ಟೆ. ಅಷ್ಟು ದಿನದ ಮೇಲೆ ಬಂದವಳನ್ನ ಬರಿಗೈಲಿ ಕಳಿಸ್ಲಾ?"

ತಾಯಿ ಯಾರ ಮನೆಯಲ್ಲಿರಬೇಕು ಎಂಬ ಜಗಳದಲ್ಲಿ ಅಕ್ಕತಂಗಿಯರು ಮಾತು ಬಿಟ್ಟಿದ್ದರು. ಟೈಲರಮ್ಮ ಬಂದ ಕಾಲಲ್ಲೇ ತಂಗಿಯ ಮನೆಯ ಮೂರು ಮಹಡಿ ಹತ್ತಿದಳು.

"ಗಿಡ ಕೊಡು."

"ಅಮ್ಮ ನಂಗೆ ಕೊಟ್ಟಿದ್ದು."

"ಅರ್ಧ ಕೊಡು, ಹಾಗಾದ್ರೆ."

ಬಚ್ಚಲಲ್ಲಿ ಕುಂಡ ಬೋರಲು ಹಾಕಿ ಮಣ್ಣು ಕೊಡವಿದರು. ಬೇರುಗಳು ಹೆಣೆದುಕೊಂಡಿದ್ದವು, ಒಬ್ಬಳು ಗಟ್ಟಿಯಾಗಿ ಹಿಡಿದರೆ ಇನ್ನೊಬ್ಬಳು ಎಳೆಯಬೇಕಿತ್ತು.

"ಅಮ್ಮನ್ನ ನನ್ನ ಹತ್ರ ಕಳಿಸು ಅಂತ ನಾನೂ ಕೇಳಿದ್ದೆ. ನೀನೇ ಬಿಡ್ಲಿಲ್ಲ," ಎಂದಳು ತಂಗಿ, ಕೈಯತ್ತಲೇ ನೋಡುತ್ತ.

"ಮೂರು ಮಹಡಿ ಹೇಗೆ ಹತ್ತಿಸ್ತಿದ್ದೆ?"

"ಹೊತ್ಕೊಂಡು."

ಟೈಲರಮ್ಮ ಇನ್ನೊಂದು ಸಲ ಎಳೆದಳು. ಗಿಡ ಎರಡಾಯಿತು. ತನ್ನ ಪಾಲನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು, ತಂಗಿ ಕೊಟ್ಟ ಕಾಫಿ ಕುಡಿದು ಇಳಿದಳು.

ಮರುವರ್ಷ ತಂಗಿಯ ಪಾಲು ಹೂ ಬಿಟ್ಟಿತು. ಅಕ್ಕನದರಲ್ಲಿ ಬರೀ ಎಲೆ. ಅಷ್ಟರಲ್ಲಿ ತಂಗಿ ರಜೆಯ ದಿನಗಳಲ್ಲಿ ಬಂದು ತಾಯಿಯ ಬಳಿ ಕೂರುವುದು ರೂಢಿಯಾಗಿತ್ತು. ಬಂದವಳೇ ಕುಂಡದತ್ತ ಬಗ್ಗಿ, "ನಿಂದು ಇನ್ನೂ ಮುನಿಸ್ಕೊಂಡಿದ್ಯಾ ಅಕ್ಕಾ?" ಎನ್ನುವಳು.

"ಬೇರು ಹಿಡೀಲಿ ಬಿಡು," ಎನ್ನುತ್ತ ಟೈಲರಮ್ಮ ತಾಯಿಯನ್ನು ಅವಳಿಗೆ ಬಿಟ್ಟು, ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಡುವಳು.