ಸತ್ತ ಮಂಗನ ಮಸೂದೆ

ನಡೆದದ್ದು ಇಷ್ಟು: ಕಾಡಂಚಿನಲ್ಲಿ ಸತ್ತು ಬಿದ್ದ ಮಂಗನನ್ನು ನಾನು ಶುಕ್ರವಾರ ನೋಡಿದೆ, ಯಾರಿಗೂ ಹೇಳಲಿಲ್ಲ. ಭಾನುವಾರ ಶಿಕಾರಿಪುರದಲ್ಲಿ, ಎಲ್ಲಿಯೂ ಇಲ್ಲದ ಒಂದು ವಿಧಾನಸಭೆಯಲ್ಲಿ ಹೇಳಿದೆ, ಅಲ್ಲಿ ಯಾರೂ ನಂಬಲಿಲ್ಲ. ಉಳಿದದ್ದೆಲ್ಲ ಇದರ ಸುತ್ತ ಸುತ್ತುವ ಮಾತು. ಪುರುಸೊತ್ತು ಇದ್ದರೆ ಕೇಳಿ.

ನಮ್ಮದು ಸೊರಬದ ಆಚೆ, ಕ್ಯಾಸನೂರಿನ ಕಡೆಯ ಒಂದು ಸಣ್ಣ ಊರು. ಮಂಗನ ಕಾಯಿಲೆ ಎಂದರೇನು ಎಂದು ನಮಗೆ ಯಾರೂ ಬಂದು ಪಾಠ ಮಾಡಬೇಕಾಗಿಲ್ಲ. ಮಂಗ ಸತ್ತರೆ ಅದರ ಮೈಮೇಲಿದ್ದ ಉಣುಗುಗಳು ಕೆಳಗಿಳಿದು ಎಲೆಯಡಿ ಕೂತು ಇನ್ನೊಂದು ಮೈಗಾಗಿ ಕಾಯುತ್ತವೆ. ಕಚ್ಚಿಸಿಕೊಂಡವರು ಜ್ವರ ಬಂದು ಮಲಗುತ್ತಾರೆ, ಕೆಲವರು ಏಳುವುದಿಲ್ಲ. ನನ್ನ ಮೈದುನ ಏಳಲಿಲ್ಲ. ಹಾಗಾಗಿ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಅನುಕೂಲ ನನಗಿಲ್ಲ.

ಮತ್ತೆ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತೀರಿ. ಹಿಂದೊಂದು ವರ್ಷ ನಮ್ಮೂರ ಚೆನ್ನಬಸಪ್ಪ ಹೀಗೇ ಸತ್ತ ಮಂಗನನ್ನು ನೋಡಿ, ಆಸ್ಪತ್ರೆಗೆ ಹೋಗಿ ಹೇಳಿ ಬಂದ. ಜೀಪಿನಲ್ಲಿ ಬಂದವರು ಉಣುಗು ಸಾಯಲೆಂದು ಪುಡಿ ಎರಚಿದರು. ಮಳೆ ಬೀಳುವ ತನಕ ಕಾಡಿಗೆ ಕಾಲಿಡಬೇಡಿ, ದನ ಬಿಡಬೇಡಿ, ದರಕು ತರಬೇಡಿ ಎಂದರು. ದರಕು ಎಂದರೆ ಉದುರಿದ ಒಣ ಎಲೆ. ನಮ್ಮ ಕೊಟ್ಟಿಗೆಗೆ ಹಾಸಿಗೆಯೂ ಅದೇ, ಗದ್ದೆಗೆ ಗೊಬ್ಬರವೂ ಅದೇ. ಆ ವರ್ಷ ಊರಿನ ದನಗಳೆಲ್ಲ ಕೆಸರಲ್ಲಿ ನಿಂತವು. ಕಾಯಿಲೆಯನ್ನು ಯಾರೂ ಬೈಯಲಿಲ್ಲ, ಚೆನ್ನಬಸಪ್ಪನನ್ನು ಬೈದರು. ‘ಮಂಗನ ವಕೀಲ’ ಎಂದು ಹೆಸರಿಟ್ಟರು. ಅವನ ಮಗಳನ್ನು ನೋಡಲು ಬಂದ ಹಾನಗಲ್ಲಿನವರು ದಾರಿಯಲ್ಲಿ ಈ ಹೆಸರು ಕೇಳಿ, ಹೆಣ್ಣಿನ ತಂದೆ ಕೋರ್ಟಿಗೆ ಹೋಗುವವರು ಎಂದುಕೊಂಡು ಬಹಳ ಮರ್ಯಾದೆಯಿಂದ ಮಾತಾಡಿದರಂತೆ. ಸಂಬಂಧವೂ ಕೂಡಿತು. ಆದರೂ ಹೆಸರು ಹೋಗಲಿಲ್ಲ. ಈ ವಯಸ್ಸಿನಲ್ಲಿ ನನಗೆ ಅಂಥದೊಂದು ಹೆಸರು ಬೇಡವಾಗಿತ್ತು.

ಅದಕ್ಕೇ ಶುಕ್ರವಾರ, ನೇರಳೆ ಮರದ ತಿರುವಿನಲ್ಲಿ ಅದು ಬಿದ್ದಿದ್ದನ್ನು ಕಂಡಾಗ, ಉದ್ದನೆ ಕೋಲಿನಿಂದ ದೂರದಲ್ಲೇ ನಿಂತು ಎಲೆ ಎಳೆದು ಮುಚ್ಚಿದೆ. ಹನುಮಪ್ಪನ ಜಾತಿಯಲ್ಲವೇ ಎಂದು ಕೈಯನ್ನೂ ಮುಗಿದೆ. ಸ್ವಲ್ಪ ಭಕ್ತಿ, ಬಾಕಿಯೆಲ್ಲ ಯಾರಿಗೂ ಕಾಣದಿರಲಿ ಎಂಬ ಉಪಾಯ. ಮನೆಗೆ ಬಂದು ಬಿಸಿನೀರಿನಲ್ಲಿ ಮಿಂದೆ, ಬಿಚ್ಚಿದ ಸೀರೆಯನ್ನು ಕುದಿಸಿದೆ. ಅಂದಿನಿಂದ ಮೈಯಲ್ಲಿ ಎಲ್ಲಿ ಕಡಿತವಾದರೂ ಕೈ ಅಲ್ಲಿಗೆ ಹೋಗುತ್ತಿತ್ತು. ಎಷ್ಟೋ ವರ್ಷದ ಹಳೆಯ ಮಚ್ಚೆಯನ್ನೂ ಉಗುರಿನಿಂದ ಕೆರೆದು ನೋಡಿದ್ದೇನೆ.

ಶನಿವಾರ ಹಲ್ಲು ಕೀಳಿಸಲು ಶಿಕಾರಿಪುರಕ್ಕೆ ಮಗಳ ಮನೆಗೆ ಹೋದೆ. ಅಳಿಯನದು ಬೀಜ ಗೊಬ್ಬರದ ಅಂಗಡಿ. ಮೊಮ್ಮಗಳು ಸುಮಂಗಲಾ ಬಿ.ಎ. ಕೊನೆಯ ವರ್ಷ. ಅವಳು ಪ್ರತಿ ಭಾನುವಾರ ಸಂಜೆ ಐದಕ್ಕೆ ‘ಅಧಿವೇಶನ ಐತೆ’ ಎಂದು ಜಡೆ ಹಾಕಿಕೊಂಡು ಹೊರಡುತ್ತಾಳೆ ಎಂದು ಮಗಳು ಹೇಳಿದಳು. ಭಾನುವಾರ ಯಾವ ಸರ್ಕಾರ ಕೆಲಸ ಮಾಡುತ್ತದೆ? ನನಗೆ ಅಲ್ಲೇ ಅನುಮಾನ ಬಂತು. ಹಲ್ಲು ಕಿತ್ತ ದವಡೆಗೆ ಹತ್ತಿ ಇಟ್ಟುಕೊಂಡೇ ಅವಳ ಹಿಂದೆ ಹೊರಟೆ.

ಬಸ್‌ಸ್ಟ್ಯಾಂಡಿನ ಹಿಂದೆ ಜೆರಾಕ್ಸ್ ಅಂಗಡಿ, ಅದರ ಒಳಕೋಣೆಯಲ್ಲಿ ಕಂಪ್ಯೂಟರ್ ಸೆಂಟರು. ಗುಡಿಯಲ್ಲ, ಆದರೂ ಚಪ್ಪಲಿ ಹೊರಗೆ ಬಿಡಬೇಕು. ಇದು ನನಗೆ ಒಳ್ಳೆಯದೇ ಆಯಿತು. ಬಾಗಿಲಲ್ಲೇ ನಿಂತು ಗಂಡಸರ ಚಪ್ಪಲಿ ಎಷ್ಟಿವೆ ಎಂದು ನೋಡಿದೆ. ಒಂದೇ ಜೊತೆ. ಅದು ಅಂಗಡಿಯ ಮಂಜಣ್ಣನದು. ಅವನಿಗೆ ಐವತ್ತು ದಾಟಿದೆ, ತಲೆಯಲ್ಲಿ ಕೂದಲಿಲ್ಲ. ಒಂದು ಅನುಮಾನ ಕಳೆಯಿತು, ಉಳಿದವು ಇದ್ದವು.

ಸುಮ ಕಂಪ್ಯೂಟರ್ ಪೆಟ್ಟಿಗೆಯ ಮುಂದೆ ಕೂತಳು. ಅದು ಇಂಟರ್ನೆಟ್ಟಿಗೆಂದು ಫೋನಿನ ತಂತಿ ಹಿಡಿದು ಶಿವಮೊಗ್ಗವನ್ನು ಕರೆಯಿತು. ಗಂಟಲಿಗೆ ಮೀನಿನ ಮುಳ್ಳು ಸಿಕ್ಕ ಬೆಕ್ಕಿನ ಹಾಗೆ ಬಹಳ ಹೊತ್ತು ಒದ್ದಾಡಿ, ಕೊನೆಗೆ ತೆಪ್ಪಗಾಯಿತು. ಆಮೇಲೆ ಗಾಜಿನ ಮೇಲೆ ಅಕ್ಷರ ಬರತೊಡಗಿದವು. ಕನ್ನಡದ ಮಾತು, ಇಂಗ್ಲಿಷಿನ ಅಕ್ಷರ. ಮೂರನೇ ಕ್ಲಾಸಿನವರೆಗೆ ಓದಿದ ನನಗೆ ಅದು ದಕ್ಕುವಂಥದಲ್ಲ. ಸುಮ ಓದಿ ಹೇಳಿದಳು.

ವಿಷಯ ಹೀಗೆ. ಊರೂರಿನ ಕಾಲೇಜು ಹುಡುಗ ಹುಡುಗಿಯರು ಕೂಡಿ ಕಂಪ್ಯೂಟರಿನೊಳಗೆ ಒಂದು ವಿಧಾನಸಭೆ ಮಾಡಿಕೊಂಡಿದ್ದಾರೆ. ಒಬ್ಬೊಬ್ಬರಿಗೂ ಒಂದೊಂದು ಊರಿನ ಶಾಸಕರ ಪಾತ್ರ. ಒಬ್ಬರು ಮಸೂದೆ ತರಬೇಕು, ಉಳಿದವರು ಅದನ್ನು ಹರಿಯಬೇಕು. ಬೀದರಕ್ಕೆ ಬೀದರ ನೋಡಿಯೇ ಇರದ ಮೈಸೂರಿನ ಹುಡುಗನಂತೆ. ಮಡಿಕೇರಿಗೆ ಹುಬ್ಬಳ್ಳಿಯ ಹುಡುಗಿಯಂತೆ. ಸಭಾಧ್ಯಕ್ಷರು ನಿವೃತ್ತ ಮೇಷ್ಟರಂತೆ, ಯಾರೂ ಮುಖ ನೋಡಿಲ್ಲ. ಸೊರಬ ಯಾರಿಗೂ ಬೇಡವಾಗಿತ್ತಂತೆ, ಸುಮ ತೆಗೆದುಕೊಂಡಳಂತೆ. ಇಷ್ಟೊಂದು ಅಂತೆಗಳು ಕೂಡಿ ಕಾನೂನು ಮಾಡುವುದನ್ನು ನಾನು ನೋಡಿರಲಿಲ್ಲ. ನಮ್ಮೂರಿನ ಕಟ್ಟೆಪಂಚಾಯ್ತಿಯಲ್ಲಿ ಮಾತಾಡುವವನ ಮುಖ ಕಾಣುತ್ತದೆ. ಎಲೆ ಅಡಿಕೆ ಉಗಿಯಲು ಎದ್ದು ಹೋದರೆ ಅವನಿಗೆ ಉತ್ತರ ತೋಚಲಿಲ್ಲ ಎಂದು ತಿಳಿಯುತ್ತದೆ. ಇಲ್ಲಿ ಉಗಿಯಲು ಹೋದವನನ್ನು ಹಿಡಿಯುವುದು ಹೇಗೆ?

“ಇವತ್ತು ನನ್ನ ಮಸೂದೆನೇ ಐತೆ ಅಜ್ಜಿ,” ಎಂದಳು ಸುಮ. “ದೀಪಾವಳಿಗೆ ಬಂದಾಗ ನೀನೇ ಹೇಳಿದ್ದಲ್ಲ, ನಿಮ್ಮ ಕಡೆ ದೊಡ್ಡ ತಾಪತ್ರಯ ಮಂಗನ ಕಾಯಿಲೆ ಅಂತ. ಅದ್ನೇ ತಂದೀನಿ. ಸತ್ತ ಮಂಗ ನೋಡ್ದೋರು ಒಂದು ದಿನದೊಳಗೆ ಆಸ್ಪತ್ರೆಗೆ ತಿಳಿಸ್ಬೇಕು. ಇಲ್ಲಾಂದ್ರೆ ದಂಡ, ಒಂದು ವಾರ ಜೈಲು.”

ನನ್ನ ದವಡೆ ಜುಮ್ಮೆಂದಿತು. ಹಲ್ಲಿನದು ಎಂದುಕೊಂಡೆ.

ನೀವೇ ಯೋಚಿಸಿ. ಮಂಗ ನೋಡಿದ್ದು ಶುಕ್ರವಾರ, ಈ ಹುಡುಗಿ ಮಸೂದೆ ತಂದದ್ದು ಭಾನುವಾರ. ಯಾರೋ ನೋಡಿರಬೇಕು, ಸುಮಳಿಗೆ ತಿಳಿಸಿರಬೇಕು, ಅವಳು ಹಲ್ಲಿನ ನೆಪದಲ್ಲಿ ನನ್ನನ್ನು ಕರೆಸಿ ಈ ಪೆಟ್ಟಿಗೆಯ ಮುಂದೆ ಕೂರಿಸಿರಬೇಕು ಎಂದು ನನಗೆ ತೋರಿತು. ಹಲ್ಲು ನೋವು ನನಗೇ ಬಂದದ್ದು ಎಂಬುದು ಮರೆತೇ ಹೋಗಿತ್ತು.

ಅಲ್ಲಿ ಚರ್ಚೆ ಸುರುವಾಯಿತು. ಬೀದರದವನು ಒಂದು ವಾರ ಸಾಲದು, ಒಂದು ತಿಂಗಳು ಜೈಲು ಎಂದ. ಮಡಿಕೇರಿಯವಳು ದಂಡ ಬೇಡ, ಮಂಗ ತೋರಿಸಿದವರಿಗೆ ಬಹುಮಾನ ಕೊಡಿ ಎಂದಳು. ಬೀದರದವನು ಮತ್ತೆ ಎದ್ದ. ಎದ್ದ ಎಂದು ಸುಮ ಹೇಳಿದ್ದು. ನನಗೆ ಅಕ್ಷರ ಮಾತ್ರ ಕಂಡಿತು.

“ಅಜ್ಜಿ, ಬೀದರದೋರು ಕೇಳ್ತಾ ಅದಾರೆ, ಒಬ್ರು ಮಂಗ ನೋಡಿ ಸುಮ್ನಿದ್ರೆ ಅದನ್ನ ಪತ್ತೆ ಹಚ್ಚೋದು ಹೆಂಗೆ ಅಂತ. ಏನ್ ಬರೀಲಿ?”

“ನನ್ನ ಎಂತಕ್ಕೆ ಕೇಳ್ತೀಯೆ?”

“ಮತ್ಯಾರನ್ನ ಕೇಳ್ಲಿ? ಇಲ್ಲಿ ಸೊರಬದೋಳು ನೀನೊಬ್ಳೇ ಇರಾದು.”

ಪೆಟ್ಟಿಗೆಯ ಮೂಲೆಯಲ್ಲಿ ಒಂದು ಸಣ್ಣ ಹಸಿರು ದೀಪ ಮಿಣುಕುತ್ತಾ ನನ್ನನ್ನೇ ನೋಡುತ್ತಿತ್ತು. ಮೆಲ್ಲಗೆ ಸೆರಗಿನ ಚುಂಗು ಅದರ ಮೇಲೆ ಹಾಕಿದೆ.

“ಅಜ್ಜೀ, ಅದನ್ನ ಮುಚ್ಬ್ಯಾಡ್ರೀ, ಬಿಸಿ ಆಗ್ತೈತಿ,” ಎಂದು ಮಂಜಣ್ಣ ಅಲ್ಲಿಂದಲೇ ಕೂಗಿದ. ಅವನೂ ಇವರ ಪೈಕಿ ಎಂದು ತಿಳಿಯಿತು.

ಆದರೆ ನನ್ನ ಒಂದು ಕೆಟ್ಟ ಗುಣ ಏನೆಂದರೆ, ಯಾರಾದರೂ ತಪ್ಪು ಕಾನೂನು ಮಾಡುತ್ತಿದ್ದರೆ ಬಾಯಿ ಮುಚ್ಚಿಕೊಂಡಿರಲು ಆಗುವುದಿಲ್ಲ. ನನ್ನ ಅತ್ತೆಯ ಕಾಲದಲ್ಲಿ ಮನೆಯಲ್ಲಿ ಒಂದು ಕಾನೂನಿತ್ತು. ಮಡಕೆ ಒಡೆದ ಸೊಸೆಗೆ ಒಂದು ತಿಂಗಳು ತುಪ್ಪವಿಲ್ಲ. ಆ ಕಾನೂನು ಬಂದ ಮೇಲೆ ನಮ್ಮ ಮನೆಯಲ್ಲಿ ಒಂದು ಮಡಕೆಯೂ ಒಡೆಯಲಿಲ್ಲ. ನಾವು ಮೂವರು ಸೊಸೆಯರು ಬಹಳ ಜಾಣೆಯರೆಂದು ಅತ್ತೆ ಬಂದವರಿಗೆಲ್ಲ ಹೇಳಿಕೊಂಡರು. ಯುಗಾದಿಯ ಮುಂಚೆ ಗೊಬ್ಬರದ ಗುಂಡಿ ತೋಡಿದಾಗ ತಳದಲ್ಲಿ ಬುಟ್ಟಿಗಟ್ಟಲೆ ಮಡಕೆಯ ಬೋಕಿ ಚೂರು ಸಿಕ್ಕಿತು. ಮಡಕೆಗಳು ಒಡೆಯುತ್ತಲೇ ಇದ್ದವು. ಅತ್ತೆಗೆ ತಿಳಿಯುವುದು ಮಾತ್ರ ನಿಂತಿತ್ತು.

“ಬರಿ,” ಎಂದೆ. “ಜೈಲು ಅಂದ್ರೆ ಜನ ಮಂಗನ್ನ ಹೂಳ್ತಾರೆ. ಹೂಳಕೆ ಮುಟ್ತಾರೆ, ಮುಟ್ಟಿ ಸಾಯ್ತಾರೆ ಅಂತ ಬರಿ. ಬಹುಮಾನ ಅಂದ್ರೆ ನಮ್ಮೂರ ಪಡ್ಡೆಗಳು ಆವತ್ತೇ ಕೋವಿಗೆ ಎಣ್ಣೆ ಹಾಕ್ತಾವೆ. ಬದುಕಿರೋ ಮಂಗನ್ನ ಹೊಡ್ದು ಹೆಗಲ ಮೇಲೆ ಹೊತ್ಕಂಡು ಸೊರಬದ ಪ್ಯಾಟೆ ತುಂಬ ಉಣುಗು ಉದುರಿಸ್ತಾ ಬರ್ತಾವೆ ಅಂತಾನೂ ಬರಿ.”

ಸುಮಳ ಬೆರಳು ಅಕ್ಕಿ ಆರಿಸುವ ಹಾಗೆ ಓಡಿದವು. “ಹಂಗಾರೆ ಏನ್ ಮಾಡ್ಬೇಕು ಅಜ್ಜಿ?”

“ಹೇಳ್ದೋರ ಹೆಸರು ಊರಿಗೆ ಗೊತ್ತಾಗ್ಬಾರ್ದು. ದರಕು ನಿಲ್ಸಿದ್ರೆ ಕೊಟ್ಟಿಗಿಗೆ ಹಾಸಕೆ ಹುಲ್ಲು ಕೊಡ್ಬೇಕು. ಇಷ್ಟೇ. ಜೈಲೆಲ್ಲ ಬೀದರದೋನಿಗೇ ಇರ್ಲಿ.”

ಕೊನೆಯ ಮಾತನ್ನು ಅವಳು ಬರೆಯಲಿಲ್ಲ ಎಂದು ನನ್ನ ಅನುಮಾನ.

ಸ್ವಲ್ಪ ಹೊತ್ತು ಗಾಜು ಖಾಲಿ ಇತ್ತು. ಮಾತಾಡುವವರೆಲ್ಲ ಉಗಿಯಲು ಹೋಗಿರಬೇಕು. ಆಮೇಲೆ ಬೀದರದವನಿಂದ ಒಂದು ಸಾಲು ಬಂತು. ಸೊರಬದ ಮಾನ್ಯ ಸದಸ್ಯರು ಜನ ಮುಚ್ಚಿಡುತ್ತಾರೆ ಎನ್ನುತ್ತಿದ್ದಾರೆ, ಅದಕ್ಕೆ ಆಧಾರವೇನು?

ಆಧಾರ! ಮೂರು ದಿನದಿಂದ ಬೆನ್ನು ಕೆರೆದುಕೊಳ್ಳುತ್ತಿದ್ದೇನೆ, ಇವನಿಗೆ ಆಧಾರ ಬೇಕಂತೆ. ಸಿಟ್ಟು ಬಂತು. ಸಿಟ್ಟಿನಲ್ಲಿ ನಿಜ ಬಂತು.

“ಬರಿ. ಸೊರಬದ ಸದಸ್ಯೆ ಮೊನ್ನೆ ಶುಕ್ರವಾರ ತಾನೇ ನೋಡಿದಾಳೆ. ನೇರಳೆ ಮರದ ಹತ್ರ. ಯಾರಿಗೂ ಹೇಳ್ಲಿಲ್ಲ. ಕೋಲಲ್ಲಿ ಎಲೆ ಎಳೆದು ಗುಡ್ಡೆ ಮಾಡಿ ಮುಚ್ಚಿ ಬಂದಾಳೆ.”

ಸುಮ ನನ್ನನ್ನು ಒಂದು ಸಲ ನೋಡಿ, ನಗುತ್ತಾ ಬರೆದಳು. ಅತ್ತಲಿಂದ ಸಾಲು ಸಾಲು ಬಂದವು. ಮಡಿಕೇರಿಯವಳು ಮೇಜು ಕುಟ್ಟಿದ್ದಾಳಂತೆ. ಬೀದರದವನು ಸೋಲೊಪ್ಪಿಕೊಂಡನಂತೆ. ಕಾಲ್ಪನಿಕ ಉದಾಹರಣೆಯನ್ನು ಇಷ್ಟು ಸಹಜವಾಗಿ ಕಟ್ಟಿದ್ದಕ್ಕೆ ಸಭಾಧ್ಯಕ್ಷರು ಸೊರಬದ ಸದಸ್ಯರನ್ನು ಅಭಿನಂದಿಸಿದರಂತೆ. ಮಸೂದೆಯನ್ನು ಹೆಚ್ಚಿನ ಪರಿಶೀಲನೆಗೆ ಸಮಿತಿಗೆ ಒಪ್ಪಿಸಿದರು. ಇಲ್ಲದ ಸಭೆಯಾದರೂ ಈ ಒಂದು ಕೆಲಸವನ್ನು ಮಾತ್ರ ಇರುವ ಸಭೆಯ ಹಾಗೆಯೇ ಮಾಡಿದರು.

“ಏನ್ ಸುಳ್ಳು ಹೊಡ್ದೆ ಮಾರಾಯ್ತಿ!” ಎಂದು ಸುಮ ದಾರಿಯುದ್ದಕ್ಕೂ ನಕ್ಕಳು. “ನಂಗೆ ಒಂದ್ ಗಳಿಗೆ ನಿಜ ಅನ್ನಿಸ್ಬಿಡ್ತು.”

ನನ್ನ ತಲೆ ಬೇರೆ ಕಡೆ ಇತ್ತು. ಗುಡ್ಡೆ ಮಾಡಿ ಮುಚ್ಚಿ ಬಂದಾಳೆ ಎಂದು ನನ್ನ ಬಾಯಿಂದಲೇ ಬಂದಾಗ, ಆ ಗುಡ್ಡೆ ಮೊದಲ ಸಲ ಕಣ್ಣಿಗೆ ಕಟ್ಟಿತು. ನಮ್ಮಲ್ಲಿ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ಅದು ಬಸವಣ್ಣನ ವಾರ. ಎತ್ತಿಗೆ ರಜೆ ಇರುವ ದಿನ ಹೆಂಗಸರು ದರಕಿಗೆ ಹೋಗುತ್ತಾರೆ. ನೇರಳೆ ಮರದ ಕಡೆಗೆ ನನ್ನನ್ನು ಬಿಟ್ಟರೆ ಹೋಗುವವಳು ನೆರೆಮನೆಯ ರುದ್ರಮ್ಮ ಒಬ್ಬಳೇ. ಯಾರೋ ಗುಡಿಸಿ ಗುಡ್ಡೆ ಮಾಡಿಟ್ಟ ಒಣ ದರಕನ್ನು ಕಂಡರೆ ಯಾವ ಹೆಂಗಸು ಬಿಟ್ಟು ಬರುತ್ತಾಳೆ? ಎರಡು ಕೈಯಲ್ಲೂ ಬಾಚಿ ಎದೆಗೊತ್ತಿಕೊಂಡು ಬುಟ್ಟಿ ತುಂಬುತ್ತಾಳೆ.

ರುದ್ರಮ್ಮನ ಮೇಲೆ ನನಗೆ ಪ್ರೀತಿಯೇನೂ ಇಲ್ಲ. ಅವಳ ಕರು ನನ್ನ ಕುಂಬಳದ ಬಳ್ಳಿ ತಿಂದಾಗಿನಿಂದ ಎರಡು ವರ್ಷ ನಮಗೆ ಮಾತಿಲ್ಲ. ಅವಳ ಕರುವೂ ಮುಂಗೋಪಿ, ಅವಳೂ ಮುಂಗೋಪಿ. ಆದರೆ ಕುಂಬಳದ ಬಳ್ಳಿಗೆ ಇದು ಬಹಳ ಹೆಚ್ಚಿನ ದಂಡ. ಬೀದರದವನೂ ಒಪ್ಪಲಿಕ್ಕಿಲ್ಲ.

ಮರುದಿನ ಬೆಳಗ್ಗೆ ಮೊದಲ ಬಸ್ಸು ಹತ್ತಿದೆ. ಶಿರಾಳಕೊಪ್ಪದಲ್ಲಿ ಡ್ರೈವರು ಚಾ ಕುಡಿಯಲು ಇಳಿದಾಗ, ಬೇಗ ಬಾರಪ್ಪ ಎಂದು ಕಿಟಕಿಯಿಂದ ಬೈದೆ. ನಮ್ಮೂರಿನಲ್ಲಿ ಇಳಿಯುವ ಹೊತ್ತಿಗೆ ರುದ್ರಮ್ಮ ತಲೆಯ ಮೇಲೆ ದೊಡ್ಡ ಬುಟ್ಟಿ ಕವುಚಿಕೊಂಡು ಮಾರಿಗುಡಿ ದಾಟಿ ಹೊರಟಿದ್ದಳು. ಹಿಂದಿನಿಂದ ಕೂಗಿದರೆ ತಿರುಗುವವಳಲ್ಲ. ಓಡಿ ಮುಂದೆ ಹೋಗಿ ಅಡ್ಡ ನಿಂತೆ.

“ಆ ಕಡೆ ಹೋಗ್ಬ್ಯಾಡ. ಮಂಗ ಸತ್ತದೆ.”

ಅವಳು ಬುಟ್ಟಿ ಕೆಳಗಿಳಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನೇರಳೆ ಮರದ ದರಕು ನಿಂಗೊಬ್ಬಳಿಗೇ ಬೇಕು ಅಂತ ಹಿಂಗಂತೀಯಾ?”

“ನಾನು ಈಗ ಆಸ್ಪತ್ರೆ ಸಿಸ್ಟರಿಗೆ ಹೇಳಕೆ ಹೊಂಟೀನಿ.”

“ನೀನು? ಹೇಳಕೆ?” ಎಂದವಳು ಬುಟ್ಟಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನನ್ನ ಜೊತೆಗೇ ಹೊರಟಳು. ಸ್ನೇಹಕ್ಕಲ್ಲ. ನಾನು ನಿಜವಾಗಿ ಹೇಳುತ್ತೇನೋ, ಬಳಸಿಕೊಂಡು ಬೇರೆ ದಾರಿಯಿಂದ ದರಕಿಗೇ ಹೋಗುತ್ತೇನೋ ಎಂದು ನೋಡಲು. ಹಾದಿಯುದ್ದಕ್ಕೂ ನನ್ನಿಂದ ಎರಡು ಹೆಜ್ಜೆ ಹಿಂದೆಯೇ ನಡೆದಳು. ಎರಡು ವರ್ಷದಲ್ಲಿ ಅವಳ ಯಾವ ಗುಣವೂ ನನಗೆ ಇಷ್ಟು ಹಿಡಿಸಿರಲಿಲ್ಲ.

ಆರೋಗ್ಯ ಉಪಕೇಂದ್ರದ ಸಿಸ್ಟರು ಆಗತಾನೇ ಬಾಗಿಲು ತೆಗೆದಿದ್ದರು. ಜಾಗ ಹೇಳಿದೆ, ಮರ ಹೇಳಿದೆ, ಎಲೆ ಮುಚ್ಚಿದ್ದನ್ನೂ ಹೇಳಿದೆ. ಅವರು ಪುಸ್ತಕ ತೆಗೆದು ಗೆರೆ ಎಳೆದರು. “ನೋಡಿದ್ದು ಯಾವಾಗ ಅಜ್ಜೀ?” ಎಂದರು.

ಈಗಲೇ, ಬಸ್ಸಿಳಿದು ಬರುವಾಗ ಎನ್ನಬಹುದಿತ್ತು. ಯಾವ ಸಭಾಧ್ಯಕ್ಷರೂ ಅಲ್ಲಿರಲಿಲ್ಲ. ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತ ರುದ್ರಮ್ಮ ಇದ್ದಳು, ಅಷ್ಟೇ.

“ಶುಕ್ರವಾರ,” ಎಂದೆ. “ಬರ್ಕೊಳ್ಳಿ.”