ಗೌರಮ್ಮನಿಗೆ ಸಿಮೆಂಟ್ ಬೇಡವಾಗಿತ್ತು

ನಾಲ್ಕು ವರ್ಷದ ಹಿಂದಿನ ಮಾತು. ತಿಪಟೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೂಳೆ ಶಸ್ತ್ರವೈದ್ಯೆಯಾಗಿ ನನಗದು ಹದಿನೆಂಟನೇ ವರ್ಷ. ಸುತ್ತಲ ಹಳ್ಳಿಗಳವರಿಗೆ ನನ್ನ ಹೆಸರು ಗೊತ್ತಿರಲಿಲ್ಲ, ಎಲ್ಲರಿಗೂ ನಾನು ‘ಮೂಳೆ ಡಾಕ್ಟ್ರಮ್ಮ’. ಒಂದು ಸೋಮವಾರ ಬೆಳಿಗ್ಗೆ ಹೊನ್ನವಳ್ಳಿಯಿಂದ ಎಪ್ಪತ್ತಾರು ವರ್ಷದ ಗೌರಮ್ಮನವರನ್ನು ಕರೆತಂದರು. ತೋಟದಲ್ಲಿ ಡ್ರಿಪ್ ಪೈಪಿಗೆ ಕಾಲು ಸಿಕ್ಕಿ ಬಲಮಗ್ಗುಲಿಗೆ ಬಿದ್ದಿದ್ದರು. ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿತ್ತು. ತೊಡೆಮೂಳೆಯ ಕತ್ತು ಮುರಿದಿದೆ ಎಂದು ನೋಡಿದೊಡನೆ ಅನಿಸಿತು, ಎಕ್ಸ್‌ರೇ ಕೂಡ ಅದನ್ನೇ ಹೇಳಿತು.

ಈ ವಯಸ್ಸಿನಲ್ಲಿ ಆ ಜಾಗ ಮುರಿದು ತುಂಡುಗಳು ಜರುಗಿದರೆ ಮತ್ತೆ ಕೂಡುವ ಭರವಸೆ ಕಡಿಮೆ. ಹಾಗಾಗಿ ಕೀಲನ್ನೇ ಬದಲಿಸುತ್ತೇವೆ. ಸೊಂಟದ ಗುಳಿಗೆ ಒಂದು ಬಟ್ಟಲು, ತೊಡೆಮೂಳೆಯ ಟೊಳ್ಳಿನೊಳಗೆ ಸ್ಟೆಮ್ ಎನ್ನುವ ಲೋಹದ ಕಡ್ಡಿ, ಅದರ ತಲೆಗೆ ಒಂದು ಗುಂಡು. ಸ್ಟೆಮ್ ಅಲ್ಲಾಡದಂತೆ ನಿಲ್ಲಿಸುವುದು ಮುಖ್ಯ. ಮೂಳೆ ಗಟ್ಟಿಯಿದ್ದರೆ ತರಿತರಿ ಮೈಯ ಸ್ಟೆಮ್ಮನ್ನು ಬಿಗಿಯಾಗಿ ಬಡಿದು ಕೂರಿಸುತ್ತೇವೆ, ಕೆಲವು ವಾರಗಳಲ್ಲಿ ಮೂಳೆ ಅದರ ಮೇಲೆ ಬೆಳೆದು ಹಿಡಿದುಕೊಳ್ಳುತ್ತದೆ. ಮೂಳೆ ಸವೆದು ತೆಳುವಾಗಿದ್ದರೆ ಬಡಿಯುವಾಗಲೇ ಸೀಳಬಹುದು, ಇಲ್ಲವೇ ಆಮೇಲೆ ಸ್ಟೆಮ್ ಕುಸಿಯಬಹುದು. ಅಂಥವರಿಗೆ ಬೋನ್ ಸಿಮೆಂಟ್ ತುಂಬಿ ನಿಲ್ಲಿಸುತ್ತೇವೆ. ಗೌರಮ್ಮನವರ ಮೂಳೆಯ ಗೋಡೆ ಎಕ್ಸ್‌ರೇಯಲ್ಲಿ ಗೆರೆ ಎಳೆದಷ್ಟು ತೆಳುವಾಗಿತ್ತು.

ಸಿಮೆಂಟ್ ಎಂಬ ಮಾತು ಕಿವಿಗೆ ಬಿದ್ದದ್ದೇ ಅವರು ಮುಖ ತಿರುಗಿಸಿದರು. “ನಮ್ಮ ರುದ್ರಕ್ಕಂಗೂ ನೀವೇ ಅಲ್ವಾ ಮಾಡಿದ್ದು? ಅವ್ಳಿಗೆ ಸಿಮೆಂಟ್ ಹಾಕ್ಲಿಲ್ಲ. ನಂಗೂ ಅದ್ನೇ ಹಾಕಿ. ಇಲ್ದಿದ್ರೆ ಹಿಂಗೇ ಮನೀಕೊಂಡಿರ್ತೀನಿ ಬುಡಿ.”

ರುದ್ರಕ್ಕ ಎಂದರೆ ರುದ್ರಮ್ಮ, ಗೌರಮ್ಮನವರ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಅದಕ್ಕೂ ಹದಿನಾಲ್ಕು ವರ್ಷ ಮುಂಚೆ, ಸವೆದುಹೋಗಿದ್ದ ರುದ್ರಮ್ಮನವರ ಕೀಲನ್ನು ನಾನೇ ಬದಲಿಸಿದ್ದೆ. ಆಗ ಅವರಿಗೆ ಅರವತ್ತನಾಲ್ಕು, ಮೂಳೆ ಕಲ್ಲಿನಂತಿತ್ತು. ಓರಗಿತ್ತಿಯರಿಬ್ಬರೂ ಐವತ್ತು ವರ್ಷದಿಂದ ಒಂದೇ ಮನೆಯಲ್ಲಿದ್ದವರು.

ಹೃದಯದ ಪರೀಕ್ಷೆ ಮುಗಿಯುವಷ್ಟರಲ್ಲಿ ಮಂಗಳವಾರವಾಗಿತ್ತು. ಗೌರಮ್ಮ ಪಟ್ಟು ಬಿಟ್ಟಿರಲಿಲ್ಲ. ಇಂಥವರು ಹಾಸಿಗೆಯಲ್ಲಿ ಕಳೆಯುವ ಒಂದೊಂದು ದಿನವೂ ಅಪಾಯವೇ. ಕಫ ಕಟ್ಟುತ್ತದೆ, ಬೆನ್ನು ಹುಣ್ಣಾಗುತ್ತದೆ, ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮಗ ಮಹೇಶ ನನ್ನನ್ನು ವರಾಂಡದಲ್ಲಿ ತಡೆದು ತಗ್ಗಿದ ದನಿಯಲ್ಲಿ ಹೇಳಿದ: “ಸಿಮೆಂಟ್ ಹಾಕಲ್ಲ ಅಂತ ಹೇಳಿ ಹಾಕ್ಬುಡಿ ಡಾಕ್ಟ್ರೇ. ಅವ್ವಂಗೆ ಏನ್ ಗೊತ್ತಾಯ್ತದೆ?”

ತಾಯಿಯನ್ನು ಉಳಿಸಿಕೊಳ್ಳುವ ಆತುರದಲ್ಲಿ ಆಡಿದ ಮಾತದು. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. “ಆಗಲ್ಲ ಮಹೇಶ್. ಕಾಲು ಅವರದು” ಎಂದು ಹೇಳಿ ವಾರ್ಡಿಗೆ ಹೋಗಿ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತೆ.

“ಯಾಕೆ ಬೇಡ, ಹೇಳಿ ಗೌರಮ್ಮ.”

“ಅಮ್ಮಸಂದ್ರದ ಫ್ಯಾಕ್ಟ್ರಿಯಾಗೆ ಮಾಡ್ತಾರಲ್ಲ, ಅದೇ ಸಿಮೆಂಟಾ?” ಎಂದರು. ಆಮೇಲೆ ಗೋಡೆಯ ಕಡೆ ನೋಡುತ್ತಾ, “ಒಳ್ಳೇದೆಲ್ಲಾ ಮೊದ್ಲು ರುದ್ರಕ್ಕಂಗೇ. ಮಿಕ್ಕಿದ್ದು ನಂಗೆ. ಇದ್ರಾಗೂ ಹಂಗೇನಾ?” ಎಂದರು.

ಕಟ್ಟಡದ ಸಿಮೆಂಟಿಗೂ ಇದಕ್ಕೂ ಹೆಸರೊಂದನ್ನು ಬಿಟ್ಟರೆ ಸಂಬಂಧವಿಲ್ಲ ಎಂದು ವಿವರಿಸಿದೆ. ಪುಡಿಗೆ ದ್ರವ ಬೆರೆಸಿದರೆ ಹಿಟ್ಟಿನಂತಾಗಿ, ಕೆಲವೇ ನಿಮಿಷದಲ್ಲಿ ಗಟ್ಟಿಯಾಗುವ ವಸ್ತು ಅದು. ಅವರ ಹಲ್ಲಿನ ಸೆಟ್ಟು ಪಕ್ಕದ ಸ್ಟೀಲ್ ಲೋಟದಲ್ಲಿತ್ತು. ಅದರ ಗುಲಾಬಿ ಬಣ್ಣದ ಭಾಗವನ್ನು ತೋರಿಸಿ, “ಇದೂ ಅದೇ ಜಾತಿಯ ವಸ್ತು” ಎಂದೆ. ಅವರು ಸೆಟ್ಟನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಎಕ್ಸ್‌ರೇ ಹಿಡಿದು ಮೂಳೆಯ ಗೋಡೆ ತೋರಿಸಿದೆ. ರುದ್ರಮ್ಮನವರ ಮೂಳೆಗೆ ಹಾಕಿದ್ದನ್ನೇ ಇದಕ್ಕೂ ಹಾಕಿದರೆ ಹಿಡಿತ ಸಿಗುವುದಿಲ್ಲ ಎಂದೆ.

“ಅಟ್ಟದ ಮ್ಯಾಲೆ ಒಣಗಿದ ಕೊಬ್ರಿ ಕಾಯಿ ಥರ ಒಳಗೆ ಗಲಗಲ ಅಂತದಾ?” ಎಂದು ಕೇಳಿದರು. ಹೌದೆಂದೆ. ಮುಚ್ಚಿಡಬಾರದೆಂದು ಇನ್ನೊಂದು ಮಾತನ್ನೂ ಹೇಳಿದೆ: ಸಿಮೆಂಟ್ ಒತ್ತುವಾಗ ಕೆಲವರಿಗೆ ರಕ್ತದೊತ್ತಡ ಕುಸಿಯುತ್ತದೆ, ಅಪರೂಪಕ್ಕೆ ಪ್ರಾಣಕ್ಕೂ ಕುತ್ತು ಬರುತ್ತದೆ, ಅದಕ್ಕೆ ತಯಾರಿ ಮಾಡಿಕೊಂಡೇ ಕೈಹಾಕುತ್ತೇವೆ. ಮಹೇಶ ಬಾಗಿಲಲ್ಲಿ ಚಡಪಡಿಸುತ್ತಿದ್ದ. ಗೌರಮ್ಮ ನನ್ನ ಮುಖವನ್ನೇ ನೋಡಿ, “ಹಂಗಾದ್ರೆ ಹಾಕಿ” ಎಂದರು.

ಬುಧವಾರ ಬೆಳಿಗ್ಗೆ ಆಪರೇಷನ್. ಬೆನ್ನಿಗೆ ಅರಿವಳಿಕೆ ಕೊಟ್ಟಿದ್ದರಿಂದ ಅವರು ಎಚ್ಚರವಾಗಿಯೇ ಇದ್ದರು. ಅಡ್ಡ ಕಟ್ಟಿದ ಪರದೆಯಾಚೆ, ತಲೆಯ ಬಳಿ ಅರಿವಳಿಕೆ ತಜ್ಞೆ ಡಾ. ನಸೀಮಾ. ಬಟ್ಟಲನ್ನು ಸ್ಕ್ರೂ ಹಾಕಿ ಬಿಗಿದೆವು. ಮೂಳೆಯ ಟೊಳ್ಳನ್ನು ತೊಳೆದು, ಒಣಗಿಸಿ, ಸಿಮೆಂಟ್ ತುಂಬುವ ಮುನ್ನ ಒತ್ತಡ ಗಮನಿಸುವಂತೆ ನಸೀಮಾಗೆ ಹೇಳಿದೆ. ಪರದೆಯಾಚೆಯಿಂದ ಗೌರಮ್ಮನೇ ಕೇಳಿದರು: “ಹಾಕಿದ್ರಾ?”

“ಈಗ ಹಾಕ್ತಿದ್ದೀವಿ. ಮಾತಾಡ್ತಾ ಇರಿ.”

ಸ್ಟೆಮ್ಮನ್ನು ಒಳಗೆ ಒತ್ತಿ ಅಲುಗದಂತೆ ಹಿಡಿದೆ. ಆ ಹೊತ್ತಿನಲ್ಲಿ ಕೈ ತೆಗೆಯುವಂತಿಲ್ಲ, ನಡುಗುವಂತಿಲ್ಲ. ಪರದೆಯಾಚೆಯ ಮಾತು ನಿಂತಿತು. ಮಾನಿಟರ್‌ನಲ್ಲಿ ನೂರ ನಲವತ್ತಿದ್ದ ಒತ್ತಡ ಎಂಬತ್ತಕ್ಕೆ ಇಳಿಯಿತು. ನಸೀಮಾ ಆಗಲೇ ಔಷಧ ಕೊಡುತ್ತಾ, “ಗೌರಮ್ಮ, ಗೌರಮ್ಮ” ಎಂದು ಕರೆಯುತ್ತಿದ್ದರು. ನಾನು ಹಿಡಿತ ಸಡಿಲಿಸದೆ ಮಾನಿಟರ್ ನೋಡುತ್ತಿದ್ದೆ. ನೂರು. ನೂರ ಹತ್ತು. “ಇದೀನಿ ಕಣವ್ವ” ಎಂದಿತು ಕ್ಷೀಣ ದನಿ. ಅಷ್ಟರಲ್ಲಿ ಸಿಮೆಂಟ್ ಗಟ್ಟಿಯಾಗಿತ್ತು. ಗುಂಡನ್ನು ಬಟ್ಟಲಿಗೆ ಕೂರಿಸಿ, ಕಾಲನ್ನು ಮಡಿಸಿ, ಒಳಕ್ಕೂ ಹೊರಕ್ಕೂ ತಿರುಗಿಸಿ ನೋಡಿದೆ. ಎಲ್ಲಿಯೂ ಜಾರಲಿಲ್ಲ.

ಗುರುವಾರ ವಾಕರ್ ಹಿಡಿಸಿ ನಿಲ್ಲಿಸಿದೆವು. ರುದ್ರಮ್ಮ ನೋಡಲು ಬಂದಿದ್ದರು. “ಪೂರಾ ಭಾರ ಬಿಡಿ, ತಡೆಯುತ್ತೆ” ಎಂದೆ. ಎಷ್ಟೋ ಜನ ಈ ಮಾತು ಕೇಳಿಯೂ ಹೆದರಿ ಪಾದವನ್ನು ನೆಲಕ್ಕೆ ಸೋಕಿಸಿ ಹಿಂದೆ ತೆಗೆಯುತ್ತಾರೆ. ಗೌರಮ್ಮ ಹಾಗೆ ಮಾಡಲಿಲ್ಲ. ಪಾದ ಊರಿ, ಒಂದು ಉಸಿರು ಬಿಟ್ಟು, ಇಡೀ ಮೈಯನ್ನು ಆ ಕಾಲಿನ ಮೇಲೆ ತಂದರು. ಬಾಗಿಲವರೆಗೂ ನಡೆದರು.

“ನಂಗೆ ಆರು ವಾರ ಭಾರ ಬುಡ್ಬ್ಯಾಡ ಅಂದಿದ್ರಿ” ಎಂದರು ರುದ್ರಮ್ಮ, ಬೇಸರದಿಂದಲೇ. “ನಂಗ್ಯಾಕೆ ಸಿಮೆಂಟ್ ಹಾಕ್ಲಿಲ್ಲ ಡಾಕ್ಟ್ರಮ್ಮ?”

ಗೌರಮ್ಮ ನಕ್ಕರು. ಹಲ್ಲಿನ ಸೆಟ್ಟು ಹಾಕಿಕೊಂಡಿರಲಿಲ್ಲ. ಬಾಯಿ ಮುಚ್ಚಿಕೊಳ್ಳುವ ಗೋಜಿಗೂ ಹೋಗಲಿಲ್ಲ.

ಈಗಲೂ ವರ್ಷಕ್ಕೊಮ್ಮೆ ತಪಾಸಣೆಗೆ ಬರುತ್ತಾರೆ. ಸ್ಟೆಮ್ ಇಟ್ಟ ಜಾಗದಿಂದ ಕದಲಿಲ್ಲ. ಆ ಮಂಗಳವಾರ ಸುಳ್ಳು ಹೇಳಿ ಒಪ್ಪಿಗೆ ಪಡೆದಿದ್ದರೂ ಎಕ್ಸ್‌ರೇ ಹೀಗೇ ಕಾಣುತ್ತಿತ್ತೇನೋ. ಆದರೆ ಗುರುವಾರ ‘ತಡೆಯುತ್ತೆ’ ಎಂದು ಹೇಳಲು ನನಗೆ ಯಾವ ಮುಖವಿರುತ್ತಿತ್ತು? ರೋಗಿ ಹೊಸ ಕೀಲಿನ ಮೇಲೆ ಮೊದಲ ಸಲ ನಿಲ್ಲುವುದು ವೈದ್ಯರ ಮಾತು ನಂಬಿ. ಆ ಮಾತು ಅಷ್ಟು ಭಾರ ಹೊರುವಂತಿರಬೇಕು ಎಂಬುದನ್ನು ಈ ಕೆಲಸ ನನಗೆ ಕಲಿಸಿತು.