ಬ್ರೇಕಿಲ್ಲದ ಸೈಕಲ್ಲು ಮತ್ತು ತಂಗಿಯ ಮೊದಲ ಪಂಚಮಿ

ಎರೆ ಮಣ್ಣಿನ ಊರಿನವರಿಗೆ ಸೈಕಲ್ಲಿನ ಬ್ರೇಕಿನಷ್ಟು ದೊಡ್ಡ ವೈರಿ ಇಲ್ಲ. ಮಳೆಗಾಲದಲ್ಲಿ ನಮ್ಮ ಯರಗುಪ್ಪಿಯ ದಾರಿಯ ಮಣ್ಣು ಗಾಲಿಗೆ ಮೆತ್ತಿಕೊಂಡು, ಬ್ರೇಕು ಮಡ್‌ಗಾರ್ಡುಗಳ ಸಂದಿಯಲ್ಲಿ ಗಟ್ಟಿಯಾಗಿ ಕೂತು, ಗಾಲಿ ತಿರುಗುವುದೇ ನಿಂತುಬಿಡುತ್ತದೆ. ಹಾಗಾಗಿ ಮುಂಗಾರಿನ ಮಿರಗದ ಮಳೆ ಬಿದ್ದ ಕೂಡಲೇ ಎರಡನ್ನೂ ಬಿಚ್ಚಿ ಅಟ್ಟಕ್ಕೆ ಎಸೆಯುವುದು ನಮ್ಮ ರೂಢಿ. ನಿಲ್ಲಬೇಕೆಂದರೆ ಕಾಲು ಊರಿದರಾಯಿತು. ಉರುಳಿ ಹೋಗುವುದಕ್ಕೆ ನಮ್ಮ ಸೀಮೆಯಲ್ಲಿ ಇಳಿಜಾರಾದರೂ ಎಲ್ಲಿದೆ?

ಎಪ್ಪತ್ತರ ದಶಕದ ಒಂದು ಶ್ರಾವಣ. ಬಸ್ಸಿನವರು ಮುಷ್ಕರ ಹೂಡಿದ್ದರು. ನನ್ನ ತಂಗಿಯನ್ನು ಆ ಬೇಸಿಗೆಯಲ್ಲೇ ದೇವಿಕೊಪ್ಪದ ಆಚೆ, ಗುಡ್ಡದ ಬುಡದ ಹಳ್ಳಿಯೊಂದಕ್ಕೆ ಮದುವೆ ಮಾಡಿ ಕೊಟ್ಟಿದ್ದೆವು. ಅಣ್ಣನಾದವನು ಹೋಗಿ ಅವಳನ್ನು ತವರಿಗೆ ಕರೆತರಬೇಕಾದ ಮೊದಲ ನಾಗರ ಪಂಚಮಿ ಎದುರಿಗೇ ಇತ್ತು. ಅವ್ವ ಉಂಡಿ ಕಟ್ಟಿಟ್ಟು, ಜೋಕಾಲಿಗೆ ಹೊಸ ಹಗ್ಗ ತರಿಸಿ ಕಾಯುತ್ತಿದ್ದಳು. ಬಸ್ಸಿಲ್ಲವೆಂದು ಗೊತ್ತಾದಾಗಿನಿಂದ ಅವಳಿಗೆ ಉಂಡಿಯ ಡಬ್ಬಿ ತೆಗೆಯುವುದು, ಮುಚ್ಚುವುದು, ಇದೇ ಕೆಲಸ.

"ಮೊದಲನೇ ಪಂಚಮಿಗೇ ಕರೀಲಿಕ್ಕೆ ಬರಲಿಲ್ಲಂದ್ರ ಅಕಿ ಏನ ತಿಳಕೋಬೇಕೋ?" ಅಂದಳು.

"ಸೈಕಲ್ ಮ್ಯಾಲೆ ಕರ್ಕೊಂಡ ಬರ್ತೀನಿ ಬೇ, ನೀ ಸುಮ್ಮನಿರು," ಅಂದುಬಿಟ್ಟೆ.

ನಾಲ್ವರು ಗೆಳೆಯರು ಕರೆಯದೆಯೇ ಜೊತೆಗೆ ಹೊರಟರು. ನನ್ನ ಮೇಲಿನ ಪ್ರೀತಿ ಹೌದು, ಬೀಗರ ಮನೆಯ ಹೂರಣದ ಹೋಳಿಗೆಯ ಮೇಲಿನ ಪ್ರೀತಿ ಅದಕ್ಕಿಂತ ಹೆಚ್ಚು. ನಸುಕಿನಲ್ಲಿ ಹೊರಟಾಗ ಆಕಾಶ ತಿಳಿಯಾಗಿತ್ತು. ಹುಬ್ಬಳ್ಳಿ ದಾಟುವಾಗ ಎದುರುಗಾಳಿ ಎದ್ದು ಎಲ್ಲರನ್ನೂ ಹ್ಯಾಂಡಲ್ಲಿನ ಮೇಲೆ ಬಗ್ಗಿಸಿತು. ಕಲಘಟಗಿಯಲ್ಲಿ ಚಹಾ ಮುಗಿಸುವಷ್ಟರಲ್ಲಿ ಜಿಟಿಜಿಟಿ ಹನಿ. ಅಲ್ಲಿಂದ ಮುಂದೆ ಕಾಡು ಶುರುವಾಗಿ ರಸ್ತೆ ಏರತೊಡಗಿತು. ಘಟ್ಟದವರು ಅದನ್ನು ಬರೀ ದಿಬ್ಬ ಅಂದಾರು, ನಮ್ಮ ಪಾಲಿಗೆ ಪರ್ವತವೇ. ಇಳಿದು ನೂಕಿದೆವು. ತುದಿ ಮುಟ್ಟಿದಾಗ ಮಂಜು ಸರಿದು ಬಿಸಿಲು ಬಿತ್ತು. ಕೆಳಗೆ ಕಣ್ಣು ಹಾಯುವಷ್ಟೂ ಹಸಿರು. ಎಂಥ ಚೆಂದದ ಸೀಮೆಯಲ್ಲಿ ಇದ್ದಾಳಲ್ಲ ನನ್ನ ತಂಗಿ ಎಂದು ಎದೆ ತುಂಬಿ ಬಂತು.

ಆಮೇಲೆ ನೋಡಿದರೆ, ರಸ್ತೆ ಕೆಳಗೆ ಇಳಿಯುತ್ತಿತ್ತು. ಐದು ಸೈಕಲ್ಲುಗಳಲ್ಲಿ ಒಂದಕ್ಕೂ ಬ್ರೇಕಿರಲಿಲ್ಲ.

ಚಪ್ಪಲಿಯನ್ನು ಮುಂದಿನ ಗಾಲಿಗೆ ಒತ್ತಿ ಹಿಡಿದು ಹೊರಟೆವು. ನಮ್ಮಲ್ಲಿ ದಪ್ಪನೆಯವನೊಬ್ಬ "ಲೇ, ಹಿಡೀರಲೇ!" ಎಂದು ಕೂಗುತ್ತ ಎಲ್ಲರನ್ನೂ ಹಿಂದೆ ಹಾಕಿ, ತಿರುವಿನಲ್ಲಿ ತಿರುಗದೆ, ನೇರ ಭತ್ತದ ಗದ್ದೆಗೆ ಹೋಗಿ ಬಿದ್ದ. ಅದೇ ಹೊತ್ತಿಗೆ ಮಳೆಯೂ ಧೋ ಎಂದು ಸುರಿಯಿತು. ಕೆಸರಲ್ಲಿ ಕೂತೇ ಅವನು ಉಪಾಯ ಹೇಳಿದ: "ಟೊಂಗಿ ಕಡದು ಹಿಂದ ಕಟ್ಟೂಣು. ಎಳಕೋತ ಬಂದ್ರ ತಾನೇ ಸಾವಕಾಶ ಆಗತೈತಿ."

ಹೀಗೆ, ಒಬ್ಬೊಬ್ಬರ ಹಿಂದೆ ಒಂದೊಂದು ಟೊಂಗೆ ಎಳೆಯುತ್ತ, ತಲೆಯಿಂದ ಕಾಲಿನವರೆಗೆ ಕೆಸರಾಗಿ ಬೀಗರ ಮನೆ ಮುಟ್ಟಿದೆವು. ತಂಗಿಯ ಮಾವ ಕಟ್ಟೆಯ ಮೇಲೆ ಕೂತಿದ್ದರು. ಮಾತು ಕಡಿಮೆ, ಮುಖ ಬಿಗಿ. ಮದುವೆಯ ದಿನದಿಂದಲೂ ನನಗೆ ಅವರನ್ನು ಕಂಡರೆ ಅಷ್ಟಕ್ಕಷ್ಟೆ.

"ಕಟಗಿ ಮಾರಾಕ ಬಂದೀರೇನ್ರಿ?" ಅಂದರು.

ಕಥೆಯೆಲ್ಲ ಕೇಳಿದ ಮೇಲೆ ನನ್ನ ಸೈಕಲ್ಲನ್ನು ಒಂದು ಸುತ್ತು ಹಾಕಿದರು. "ಬ್ರೇಕಿಲ್ಲದ ಗಾಡಿ ಮ್ಯಾಲೆ ನಮ್ಮ ಸೊಸಿನ್ನ ಕಳಸಾಂಗಿಲ್ರಿ," ಎಂದು ಒಳಗೆ ಹೋದರು. ಬಾಗಿಲ ಮರೆಯಲ್ಲಿ ತಂಗಿ ಗಂಟು ಕಟ್ಟಿಕೊಂಡು ನಿಂತಿದ್ದಳು. ಅವಳ ಮುಖ ನೋಡಲಾಗಲಿಲ್ಲ. ನನ್ನ ಪಾಲಿನ ಹೋಳಿಗೆಯನ್ನು ಪಕ್ಕಕ್ಕೆ ಸರಿಸಿದೆ. ಗೆಳೆಯರು ಅದನ್ನೂ ಮುಗಿಸಿದರು.

ಬೆಳಿಗ್ಗೆ ಎದ್ದು ಬಂದರೆ ಮಾವ ಅಂಗಳದಲ್ಲಿ ತಮ್ಮ ಸೈಕಲ್ಲನ್ನು ಒರೆಸುತ್ತಿದ್ದರು. ಡೈನಮೋ, ದೊಡ್ಡ ಗಂಟೆ, ಥಳಥಳ ಹೊಳೆಯುವ ಮಡ್‌ಗಾರ್ಡು. ಹೆತ್ತ ಮಗನಿಗೂ ಅವರು ಅದನ್ನು ಮುಟ್ಟಗೊಡುತ್ತಿರಲಿಲ್ಲವೆಂದು ತಂಗಿ ಹೇಳಿದ್ದಳು. ತಂಗಿಗೆ ಮೆತ್ತಗಿರಲೆಂದು ಕ್ಯಾರಿಯರಿನ ಮೇಲೆ ಕೌದಿ ಮಡಚಿ ಬಿಗಿದು, ಹ್ಯಾಂಡಲ್ಲನ್ನು ನನ್ನ ಕೈಗೆ ಕೊಟ್ಟರು. ನನ್ನ ಸೈಕಲ್ಲು ಅಲ್ಲೇ ಉಳಿಯಿತು.

"ನಿಮ್ಮೂರ ಮಂದಿ ರೂಢಿ ಗೊತ್ತೈತ್ರಿ. ಬ್ರೇಕ ಮಾತ್ರ ಬಿಚ್ಚಬ್ಯಾಡ್ರಿ."

ಏರಿನಲ್ಲಿ ತಂಗಿ ನಡೆದಳು, ಇಳಿಜಾರಿನಲ್ಲಿ ಕಣ್ಣು ಮುಚ್ಚಿ ನನ್ನ ಅಂಗಿ ಹಿಡಿದಳು. ಬೆರಳು ತಾಗಿದರೆ ಸಾಕು, ಬ್ರೇಕು ಹಿಡಿಯುತ್ತಿತ್ತು. ಡಾಂಬರು ಮುಗಿದು ನಮ್ಮ ಎರೆ ದಾರಿ ಬಂದದ್ದೇ ತಡ, ಗಾಲಿಗಳೆರಡೂ ಮಣ್ಣು ತುಂಬಿ ನಿಂತವು.

"ಬಿಚ್ಚಿ ಒಗಿಯಲೇ, ಅವ್ರೇನ ಇಲ್ಲಿ ನೋಡಾಕ ಬರ್ತಾರೇನು?" ಅಂದರು ಗೆಳೆಯರು.

ನನಗೆ ಮನಸ್ಸಾಗಲಿಲ್ಲ. ಸೈಕಲ್ಲನ್ನು ಹೆಗಲ ಮೇಲೆ ಹೊತ್ತೆ. ಡೈನಮೋ ಸಮೇತ ಅದು ಎಂಥ ಭಾರ! ತಂಗಿ ಚಪ್ಪಲಿ ಕೈಯಲ್ಲಿ ಹಿಡಿದು, ನನ್ನ ಪಕ್ಕದಲ್ಲಿ ಕೆಸರು ತುಳಿಯುತ್ತ ಬಿದ್ದು ಬಿದ್ದು ನಗುತ್ತಿದ್ದಳು.

"ಅಣ್ಣಾ, ನನ್ನ ಬಿಟ್ಟು ನಮ್ಮ ಮಾವ್ನ ಹೊತ್ಕೊಂಡ ಹೊಂಟಂಗ ಆತಲ್ಲೋ!"

ಬಾಗಿಲಲ್ಲಿ ನಿಂತಿದ್ದ ಅವ್ವ ಮಗಳ ಕೆಸರುಗಾಲು ನೋಡಿ ನಕ್ಕಳು, ಆಮೇಲೆ ಅತ್ತಳು. ಉಂಡಿಯ ಡಬ್ಬಿ ಅವತ್ತು ಖಾಲಿಯಾಯಿತು.

ಹಬ್ಬ ಮುಗಿಯುವಷ್ಟರಲ್ಲಿ ಬಸ್ಸು ಶುರುವಾಗಿತ್ತು. ತಂಗಿ ಬಸ್ಸಿನಲ್ಲಿ ಹೋದಳು, ನಾನು ಮಾವನವರ ಸೈಕಲ್ಲು ಮುಟ್ಟಿಸಲು ತುಳಿದುಕೊಂಡೇ ಹೋದೆ. ಮಾವ ಬ್ರೇಕಿನ ಮೇಲೆ ಬೆರಳಾಡಿಸಿ ನೋಡಿದರು. ಒಳಗಿನಿಂದ ನನ್ನ ಸೈಕಲ್ಲನ್ನು ನೂಕಿ ತಂದರು. ಅದಕ್ಕೆ ಮುಂದೂ ಹಿಂದೂ ಹೊಸ ಬ್ರೇಕು.

"ಇದ್ಯಾಕ್ರಿ ಮಾವಾರ?" ಅಂದೆ.

"ವರ್ಷಾ ವರ್ಷಾ ಪಂಚಮಿಗೆ ಕರೀಲಿಕ್ಕೆ ಬರ್ಬೇಕಲ್ರಿ ನೀವು," ಅಂದರು.

ಆ ಬ್ರೇಕನ್ನು ನಾನು ಯಾವ ಮಳೆಗಾಲದಲ್ಲೂ ಬಿಚ್ಚಲಿಲ್ಲ. ಎರೆ ದಾರಿಯಲ್ಲಿ ಸೈಕಲ್ಲು ಹೊತ್ತು ಬರುವ ನನ್ನನ್ನು ನೋಡಿ ಊರೆಲ್ಲ ನಗುತ್ತಿತ್ತು. ನಗಲಿ ಬಿಡಿ. ಅವ್ವ ಇರುವವರೆಗೂ ತಂಗಿ ಒಂದು ಪಂಚಮಿಯನ್ನೂ ತಪ್ಪಿಸಲಿಲ್ಲ.